ನಾಲ್ಕು ಮನೆಯ ಹಾಳೆ

ವೇಲಚೇರಿಯ ಆ ಶಾಲೆಯಲ್ಲಿ ಕಲಾವತಿ ಮಿಸ್ ಎಂದರೆ ಮಕ್ಕಳಿಗೆ ಮೊದಲು ನೆನಪಾಗುತ್ತಿದ್ದದ್ದು ಸೊನ್ನೆ. ಹಾಗಂತ ಅವಳೇನೂ ಕೆಟ್ಟ ಟೀಚರಲ್ಲ. ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಪದ್ಯ ಹೇಳಿಕೊಡುತ್ತಿದ್ದವಳಿಗೆ ಒಂದೇ ಒಂದು ಹಟ: ಪದ್ಯದಲ್ಲಿ ಇಲ್ಲದ್ದನ್ನು ಉತ್ತರದಲ್ಲಿ ಬರೆಯಬಾರದು. ಅದಕ್ಕೆಂದೇ ಒಂದು ಹಾಳೆ ಮಾಡಿಕೊಂಡಿದ್ದಳು. ಮೇಲ್ಗಡೆ ಪದ್ಯ, ಬರೆದವರ ಹೆಸರಿಲ್ಲದೆ. ಕೆಳಗೆ ಚೌಕಾಬಾರಕ್ಕೆ ಗೆರೆ ಎಳೆದ ಹಾಗೆ ನಾಲ್ಕು ಮನೆ: ಯಾರು ಹೇಳುತ್ತಿದ್ದಾರೆ, ಯಾರಿಗೆ, ಎಲ್ಲಿ, ಯಾವಾಗ. ಪ್ರತಿ ಮನೆಯ ಮೂಲೆಯಲ್ಲೂ ಸಾಲಿನ ಸಂಖ್ಯೆ ಬರೆಯಲು ಪುಟ್ಟ ಜಾಗ. ಉತ್ತರ ಎಷ್ಟೇ ಚೆಂದವಾಗಿರಲಿ, ಅದು ಯಾವ ಸಾಲಿನಿಂದ ಬಂತು ಅಂತ ಆ ಮೂಲೆಯಲ್ಲಿ ತೋರಿಸದಿದ್ದರೆ ಸೊನ್ನೆ. ಅಳು, ಗೋಗರೆತ, ಅಪ್ಪ ಅಮ್ಮನ ಫೋನು, ಯಾವುದೂ ನಡೆಯುತ್ತಿರಲಿಲ್ಲ.

ಈ ವರ್ಷ ಆಡಳಿತದವರಿಗೆ ಆ ಹಾಳೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿ ತಮ್ಮ ಬೇರೆ ಶಾಲೆಗಳಿಗೂ ಕಳಿಸುವ ಹುರುಪು ಬಂತು. ಉಸ್ತುವಾರಿ ಪ್ರಮೋದ್ ಎಂಬ ಎಳೆಯ ಮೇಷ್ಟ್ರದು. ಅವನ ಹೆಗಲಿಂದ ಲ್ಯಾಪ್‌ಟಾಪು ಇಳಿದದ್ದನ್ನು ಯಾರೂ ಕಂಡಿಲ್ಲ.

"ಮೇಡಂ, ಇಪ್ಪತ್ತು ಪದ್ಯ ಬೇಕು. ಫೋನಲ್ಲಿ ಹುಡುಕಿದ್ರೆ ಉತ್ತರ ಸಿಗೋ ಅಂಥದ್ದು ಬೇಡ. ಎಲ್ಲದಕ್ಕೂ ಮಾದರಿ ಉತ್ತರ ಬೇಕು. ಮತ್ತೆ ಪ್ರಿಂಟಿಗೆ ಹೋಗೋ ಮುಂಚೆ ಒಂದೊಂದನ್ನೂ ಒಂದು ಕ್ಲಾಸಲ್ಲಿ ಮಾಡಿ ನೋಡಿರಬೇಕು," ಎಂದ.

ಕಾಗೆ, ಛತ್ರಿ, ಬಸ್ಸಿನ ಕಿಟಕಿ ಅಂತ ಕಲಾವತಿ ತಾನೇ ಕೂತು ಹತ್ತೊಂಬತ್ತು ಪದ್ಯ ಹೊಸೆದಳು. ಇಪ್ಪತ್ತನೆಯದು ಹೊಸೆಯಬೇಕಾಗಿರಲಿಲ್ಲ. ಅದು ಅವಳ ಬೀರುವಿನಲ್ಲಿತ್ತು, ಮಗ ವಿಘ್ನೇಶನ ರಫ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ.

ವಿಘ್ನೇಶ ಹೋಗಿ ಎರಡು ವರ್ಷ. ಹನ್ನೊಂದನೇ ಕ್ಲಾಸು, ಡೆಂಗಿ ಜ್ವರ, ಐದೇ ದಿನ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ, ಹೇಳುವುದಕ್ಕೆ ಬಾಯೂ ಬರುವುದಿಲ್ಲ. ವರ್ಷಾಂತಿಕದ ಹಿಂದಿನ ದಿನ ಅವನ ಕಪಾಟು ಒರೆಸುವಾಗ ಆ ನೋಟ್‌ಬುಕ್ಕು ಅವಳ ಕೈಗೆ ಬಂತು. ಪದ್ಯ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದರೆ ಹೀಗೆ:

ಬಾಗಿಲನ್ನು ಮೆಲ್ಲಗೆ ತೆಗೆಯುತ್ತೇನೆ,
ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರುತ್ತೇನೆ.
ನಿನ್ನ ಬಾಗಿಲ ಕೆಳಗೆ ಬೆಳಕಿನ ಒಂದು ಗೆರೆ.
ತಟ್ಟೆ ಸದ್ದಾಗದಂತೆ ಬಟ್ಟೆಯ ಮೇಲಿಟ್ಟು ಉಣ್ಣುತ್ತೇನೆ.
ಇವತ್ತು ನಡೆದದ್ದನ್ನೆಲ್ಲ ಗೋಡೆಗೆ ಹೇಳುತ್ತೇನೆ,
ನಿನ್ನ ಎಣಿಕೆ ತಪ್ಪಬಾರದು.
ಮುಗಿದ ಮೇಲೆ ಕರೆ,
ನಾನು ಎಚ್ಚರವಾಗಿಯೇ ಇರುತ್ತೇನೆ.

ಓದಿದ ಕೂಡಲೇ ಅವಳಿಗೆ ಗೊತ್ತಾಯಿತು, ಇದು ಅವನ ಅಪ್ಪನ ಮೇಲೆ ಬರೆದದ್ದು. ಗಂಡ ಭೋಜರಾಜ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡು. ರಾತ್ರಿಯೆಲ್ಲ ಜೋಲಾರ್‌ಪೇಟೆ ಕಡೆ ಹೋಗಿ, ಬೆಳಿಗ್ಗೆ ಕ್ರೋಂಪೇಟೆಯ ಮನೆಗೆ ಬಂದು, ಪರದೆ ಎಳೆದು ಮಲಗುವ ಮನುಷ್ಯ. ಮುಂದಿನ ಡ್ಯೂಟಿಗೆ ಮುಂಚೆ ಎಷ್ಟು ಗಂಟೆ ನಿದ್ದೆ ಸಿಗುತ್ತದೆಂದು ಬೆರಳು ಮಡಚಿ ಎಣಿಸಿಯೇ ದಿಂಬಿಗೆ ತಲೆ ಕೊಡುತ್ತಿದ್ದ. ಅವನು ಮಲಗಿದ್ದಾನೆಂದರೆ ಮನೆಯಲ್ಲಿ ಕುಕ್ಕರು ಕೂಗಬಾರದು, ಟೀವಿ ಹಾಕಬಾರದು, ಮಗು ಓಡಬಾರದು. ಹದಿನಾರು ವರ್ಷ ಆ ಮನೆ ಪಿಸುಮಾತಿನಲ್ಲೇ ನಡೆದಿತ್ತು. ಇನ್ನು ಯಾರಿಗೆ ಬರೆದ ಪದ್ಯ ಅಂತ ಕೇಳುವುದೇನು ಬಂತು?

ದುಃಖದಲ್ಲಿರುವ ಮನುಷ್ಯರಿಗೆ ತಪ್ಪು ಹೊರಿಸಲು ಒಬ್ಬರು ಬೇಕು. ಸೊಳ್ಳೆಯ ಮೇಲೆ ಎಷ್ಟು ದಿನ ಸಿಟ್ಟು ಮಾಡಿಕೊಂಡಿರಲು ಆಗುತ್ತದೆ? ಕಲಾವತಿ ಆ ನೋಟ್‌ಬುಕ್ಕನ್ನು ಹಿಡಿದು ಗಂಡನ ಮುಂದೆ ನಿಂತಳು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಕೇಳಿಸ್ಕೊಳ್ಳಿ. ನಿಮ್ಮ ನಿದ್ದೆಗೋಸ್ಕರ ನನ್ನ ಮಗು ಚಪ್ಪಲಿ ಕೈಲಿ ಹಿಡ್ಕೊಂಡು ಓಡಾಡ್ತಿತ್ತು. ಗೋಡೆ ಜೊತೆ ಮಾತಾಡ್ತಿತ್ತು. ನೀವು ಎದ್ದ ಮೇಲೆ ಒಂದು ದಿನ ಆದ್ರೂ ಕರೆದ್ರಾ ಅವನನ್ನ?"

ಮಾರನೆಯ ವಾರವೇ ಭೋಜರಾಜ ಇನ್ನು ರಾತ್ರಿ ಗಾಡಿ ಬೇಡವೆಂದು ಬರೆದುಕೊಟ್ಟು, ತಾಂಬರಂ ಆಫೀಸಿನಲ್ಲಿ ಹಗಲು ಕೆಲಸಕ್ಕೆ ಹೋಗತೊಡಗಿದ. ಮನೆಗೆ ಬಂದರೆ ಸೊಪ್ಪು ಬಿಡಿಸುತ್ತಿದ್ದ, ಬಟ್ಟೆ ಮಡಚುತ್ತಿದ್ದ, ಹಗಲು ಹೊತ್ತಿನಲ್ಲಿ ಅಪ್ಪಿತಪ್ಪಿಯೂ ಮಲಗುತ್ತಿರಲಿಲ್ಲ. ಇಬ್ಬರ ನಡುವೆ ಹಾಲು, ಕರೆಂಟು, ಗ್ಯಾಸು ಇಷ್ಟೇ ಮಾತು ಉಳಿದವು. ಅವನು ನರಳಲಿ ಅಂತಲೇ ಅವಳಿಗಿತ್ತು. ಸುಳ್ಳೇಕೆ ಹೇಳಬೇಕು, ಹಾಗೆ ಅಂದುಕೊಂಡಾಗ ಅವಳಿಗೆ ಉಸಿರಾಡುವುದು ಸ್ವಲ್ಪ ಸಲೀಸಾಗುತ್ತಿತ್ತು.

ಆ ಪದ್ಯವನ್ನು ಇಪ್ಪತ್ತನೆಯದಾಗಿ ಪುಸ್ತಕಕ್ಕೆ ಹಾಕಿದ್ದೂ ಅದೇ ಸಿಟ್ಟಿನಲ್ಲಿ. ಮಗನ ಮಾತು ನಾಲ್ಕು ಜನ ಓದಲಿ, ತಪ್ಪು ಯಾರದೆಂದು ಅಚ್ಚಾಗಲಿ. ಮಾದರಿ ಉತ್ತರವನ್ನು ಒಂದೇ ಏಟಿಗೆ ಬರೆದಳು. ಹೇಳುವವನು: ಮಗ. ಯಾರಿಗೆ: ಹಗಲು ಮಲಗುವ ತಂದೆಗೆ. ಎಲ್ಲಿ: ಮನೆಯಲ್ಲಿ. ಯಾವಾಗ: ಮಧ್ಯಾಹ್ನ. ಎರಡು ಮನೆಗಳ ಮೂಲೆಯಲ್ಲಿ ಸಾಲಿನ ಸಂಖ್ಯೆ ಇರಲಿಲ್ಲ. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಅವಳ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದೇ ಅದು. ತನ್ನದು ಬೀಳಲಿಲ್ಲ.

ಗುರುವಾರ ಊಟದ ಬಿಡುವಿನ ನಂತರ ಒಂಬತ್ತನೇ ಬಿ ಕ್ಲಾಸಿನಲ್ಲಿ ಹಾಳೆ ಹಂಚಿದಳು. ಯಾರ ಪದ್ಯವೆಂದು ಮಕ್ಕಳಿಗೆ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ. ಐದೈದು ಜನ ಗುಂಪಾಗಿ ಕೂತು ಗುಸುಗುಸು ಶುರು ಮಾಡಿದರು. ಕಿಟಕಿಯ ಪಕ್ಕದ ಗುಂಪಿನವರು ಮೊದಲು ಕೈಯೆತ್ತಿದರು.

"ಕಳ್ಳ, ಮಿಸ್. ಬಾಗಿಲು ಮೆಲ್ಲಗೆ ತೆಗೀತಾನೆ, ಚಪ್ಪಲಿ ಕೈಯಲ್ಲಿ. ಸಾಲು ಒಂದು, ಎರಡು."

"ಕಳ್ಳ ಕೂತು ಊಟ ಮಾಡ್ತಾನಾ? ಸಾಲು ನಾಲ್ಕು ನೋಡು," ಎಂದಳು ಕಲಾವತಿ. ಕ್ಲಾಸು ನಕ್ಕಿತು. ಅವಳಿಗೂ ನಗು ಬಂತು, ಬಂದದ್ದಕ್ಕೆ ಬೇಜಾರೂ ಆಯಿತು.

ಆಮೇಲೆ ಎದ್ದು ನಿಂತವಳು ಪ್ರಣಮ್ಯಾ. ಅವಳ ಅಪ್ಪ ಉಡುಪಿ ಕಡೆಯವನು, ಅಲ್ಲೇ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಿದ್ದ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ.

"ಇದು ರಾತ್ತಿರಿ, ಮಿಸ್," ಎಂದಳು. ಯಾವಾಗ ಎಂಬ ಮನೆಯಲ್ಲಿ ರಾತ್ರಿ ಎಂದು ದಪ್ಪವಾಗಿ ಬರೆದುಕೊಂಡಿದ್ದಳು.

"ಹಗಲೇ ಇರಬಹುದಲ್ಲ? ಒಳಗೆ ಯಾರೋ ಮಲಗಿದಾರೆ. ಅದಕ್ಕೇ ಸದ್ದು ಮಾಡ್ತಿಲ್ಲ," ಎಂದಳು ಕಲಾವತಿ.

ಹುಡುಗಿ ತಲೆಯಾಡಿಸಿದಳು. ಅವಳ ತಮಿಳು ಇಂಗ್ಲಿಷು ಬೆರೆತ ಮಾತನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: "ಸಾಲು ಮೂರು, ಮಿಸ್. ಬಾಗಿಲ ಕೆಳಗೆ ಬೆಳಕಿನ ಗೆರೆ ಕಾಣಬೇಕಂದ್ರೆ ಈಚೆ ಕಡೆ ಕತ್ತಲೆ ಇರಬೇಕು. ಹಗಲು ಕಾಣಲ್ಲ. ಒಳಗೆ ಲೈಟ್ ಹಾಕ್ಕೊಂಡು ಯಾರೂ ಮಲಗಲ್ಲ. ಆಮೇಲೆ ಸಾಲು ಎಂಟು. ಎಚ್ಚರವಾಗಿರ್ತೀನಿ ಅಂತ ಹಗಲು ಹೊತ್ತು ಯಾರು ಹೇಳ್ತಾರೆ? ನಮ್ಮಪ್ಪ ಬರೋದು ಹನ್ನೊಂದು ಗಂಟೆಗೆ, ನಾನು..."

"ನಿಮ್ಮ ಮನೆ ವಿಷಯ ಬೇಡ. ಪದ್ಯದಲ್ಲಿರೋದು ಹೇಳು," ಎಂದಳು ಕಲಾವತಿ. ಅಭ್ಯಾಸಬಲದಿಂದ ಬಂದ ಮಾತು.

"ಒಳಗಿರೋರು ಕೆಲಸ ಮಾಡ್ತಿದಾರೆ, ಮಿಸ್. ಸಾಲು ಆರು, ಏಳು. ಏನೋ ಎಣಿಸ್ತಿದಾರೆ, ಅದು ಮುಗಿಯೋ ಕೆಲಸ. ನಿದ್ದೆ ಆಗಿದ್ರೆ ಎದ್ದ ಮೇಲೆ ಕರೆ ಅಂತ ಬರೀತಿದ್ದ." ಅಷ್ಟು ಹೇಳಿ ಹುಡುಗಿ ಹಾಳೆಯನ್ನು ಇನ್ನೊಮ್ಮೆ ನೋಡಿದಳು. "ಪಾವಂ ಮಿಸ್, ಪಾಪ ಅವನು. ಅವರು ಮನೇಲೇ ಇದಾರೆ, ಆದ್ರೂ ಸಿಗಲ್ಲ."

ಕಲಾವತಿ ಮೂರನೇ ಸಾಲನ್ನು ಮತ್ತೆ ಓದಿದಳು. ರಾತ್ರಿ ಹೊತ್ತು ಭೋಜರಾಜ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಮನೆಯಲ್ಲಿರುತ್ತಿದ್ದವಳು ಅವಳು. ಊಟ ಮುಗಿಸಿ, ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು, ಈ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದಳು. ಟ್ಯೂಷನ್ ಮುಗಿಸಿ ಒಂಬತ್ತೂವರೆಗೆ ಮಗ ಬರುತ್ತಿದ್ದ. ಬಾಗಿಲ ಆಚೆ ಅವನ ಸದ್ದಾದರೆ ಒಳಗಿಂದಲೇ ಕೂಗುತ್ತಿದ್ದಳು: "ಶ್ಶ್, ಟೋಟಲ್ ಮಾಡ್ತಿದೀನಿ ಕಣೋ, ಎಣಿಕೆ ತಪ್ಪಿಸಬೇಡ. ಮುಗಿಸಿ ಕರೀತೀನಿ." ಅವಳದೇ ಮಾತು ಅದು, ಅಕ್ಷರಶಃ. ಮುಗಿಯುವ ಹೊತ್ತಿಗೆ ಹನ್ನೆರಡಾಗಿರುತ್ತಿತ್ತು. ಪಾಪ, ಮಲಗಿರುತ್ತಾನೆ, ಯಾಕೆ ಎಬ್ಬಿಸಲಿ ಅಂತ ಲೈಟು ಆರಿಸಿ ಅವಳೂ ಮಲಗಿಬಿಡುತ್ತಿದ್ದಳು. ಒಂದು ದಿನವೂ ಕರೆದಿರಲಿಲ್ಲ.

ಬೆಲ್ಲು ಹೊಡೆಯಿತು. ಪ್ರಣಮ್ಯಾಳ ಹಾಳೆಗೆ ಎಷ್ಟು ಅಂಕ ಕೊಟ್ಟಳು, ಸ್ಟಾಫ್ ರೂಮಿನಲ್ಲಿ ಪ್ರಮೋದ್ ಏನು ಕೇಳಿದ, ತಾನೇನು ಹೇಳಿದಳು, ಒಂದೂ ಅವಳಿಗೆ ನೆನಪುಳಿಯಲಿಲ್ಲ. ಪಲ್ಲಾವರಂ ಕಡೆಯ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಪಕ್ಕದ ಹೆಂಗಸು ತಮಿಳಿನಲ್ಲಿ ಏನಾಯಿತಮ್ಮಾ ಎಂದು ಕೇಳಿ ನೀರಿನ ಬಾಟಲಿ ಕೊಟ್ಟಳು. ಒಂದು ವರ್ಷದಿಂದ ಏನೂ ಮಾಡದ ಮನುಷ್ಯನನ್ನು ದಿನಾ ಸುಟ್ಟಿದ್ದೇನಲ್ಲ ಅನ್ನುವುದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಇವತ್ತೇ ಹೇಳಬೇಕು, ಕಾಲು ಹಿಡಿದಾದರೂ ಹೇಳಬೇಕು. ಅವನಾದರೂ ಹಗುರಾಗಲಿ.

ಮನೆ ಸೇರಿದಾಗ ಐದು ಗಂಟೆ. ಅವತ್ತು ಆಫೀಸಿನಿಂದ ಬೇಗ ಬಂದಿದ್ದ ಭೋಜರಾಜ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಕಲಾವತಿ ಬ್ಯಾಗು ಇಳಿಸದೆ, ನಿಂತಲ್ಲೇ ಎಲ್ಲ ಹೇಳಿದಳು. ಹಾಳೆ, ಹುಡುಗಿ, ಬೆಳಕಿನ ಗೆರೆ, ಟೋಟಲ್ಲು. "ನಿಮ್ಮ ಮೇಲೆ ಬರೆದದ್ದಲ್ಲ ರೀ ಅದು. ನನ್ನ ಮೇಲೆ. ನಾನು ಸುಮ್ಮಸುಮ್ಮನೆ ನಿಮ್ಮನ್ನ..." ಎಂದಳು.

ಅವನು ಸುಲಿಯುವುದನ್ನು ನಿಲ್ಲಿಸಿದ. ಮುಖ ಹಗುರಾದ ಹಾಗೆ ಕಾಣಲಿಲ್ಲ.

"ಆ ಹುಡುಗಿಗೆ ಏನು ಗೊತ್ತು? ಚಿಕ್ಕ ಹುಡುಗಿ," ಎಂದ.

"ಸರಿಯಾಗೇ ಹೇಳಿದಾಳೆ."

"ಎಣಿಕೆ ಅಂದ್ರೆ ನನ್ನ ನಿದ್ದೆ ಗಂಟೆ ಅಲ್ವಾ? ನೀನೇ ಅಂದಿದ್ದೆ. ನೀನು ಟೀಚರು, ನಿನಗೆ ಗೊತ್ತಿರಲ್ವಾ?"

ಕಲಾವತಿಗೆ ಅರ್ಥವಾಗಲಿಲ್ಲ. ತಪ್ಪು ನಿಮ್ಮದಲ್ಲ ಅಂದರೆ ಈ ಮನುಷ್ಯ ಯಾಕೆ ವಾದ ಮಾಡುತ್ತಿದ್ದಾನೆ? ಬೆಳಕಿನ ಸಾಲನ್ನು ಇನ್ನೊಂದು ಸಲ ಹೇಳಿದಳು. ಹಗಲು ಹೊತ್ತಿನಲ್ಲಿ ಅದು ಕಾಣುವುದಿಲ್ಲ ಅಂದಳು.

"ಕಾಣತ್ತೆ," ಎಂದು ಅವನು ಎದ್ದ. ತಾನು ಹಗಲು ಮಲಗುತ್ತಿದ್ದ ಕೋಣೆಗೆ ಹೋಗಿ ಪರದೆ ಎಳೆದ, ಒಳಗೆ ಲೈಟು ಹಾಕಿದ, ಹೊರಗೆ ಬಂದು ಬಾಗಿಲು ಮುಚ್ಚಿದ. ನಡುಮನೆಯ ಕಿಟಕಿಯಿಂದ ಸಂಜೆ ಬಿಸಿಲು ನೆಲದ ಮೇಲೆಲ್ಲ ಬಿದ್ದಿತ್ತು. ಐವತ್ತೆಂಟು ವರ್ಷದ ಮನುಷ್ಯ ಮಂಡಿಯೂರಿ, ಅಂಗೈ ಊರಿ, ಬಾಗಿಲ ಸಂದಿನ ಹತ್ತಿರ ಮುಖ ಇಟ್ಟು ನೋಡಿದ. ಜಾಗ ಬದಲಿಸಿ ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದ.

ಬಹಳ ಹೊತ್ತಿನ ಮೇಲೆ ಅವನು ಎದ್ದು ಗೋಡೆಗೆ ಒರಗಿ ಕೂತ.

"ಹೌದು. ಕಾಣಲ್ಲ," ಎಂದ.

ಅವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿಯಲು ಹೋದಳು. ಅವನು ಕೈ ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ನನಗೂ ಅವನಿಗೂ ಮಾತೇ ಇರಲಿಲ್ಲ, ಕಲಾ. ನಾನು ಬಂದಾಗ ಅವನು ಸ್ಕೂಲಿಗೆ, ಅವನು ಬಂದಾಗ ನಾನು ನಿದ್ದೇಲಿ, ಇಲ್ಲ ಗಾಡೀಲಿ. ನೀನು ಅವತ್ತು ಅದನ್ನ ಓದಿ ಬೈದಾಗ ನನಗೆ ಎದೆ ಒಡೀತು. ಆದ್ರೂ ಒಳಗೊಳಗೆ, ನನ್ನ ಮಗ ನನಗೋಸ್ಕರ ಕಾಯ್ತಿದ್ದ ಅಂತ ಇತ್ತು. ಎಂಟು ಸಾಲೂ ಬಾಯಿಪಾಠ ಮಾಡ್ಕೊಂಡಿದ್ದೆ. ಬೈದಾದ್ರೂ ನನಗೇಂತ ಒಂದು ಬರೆದಿಟ್ಟು ಹೋಗಿದಾನೆ ಅಂದ್ಕೊಂಡಿದ್ದೆ."

ಕ್ಷಮೆ ಕೇಳಲು ಬಂದ ಕಲಾವತಿಗೆ ಈಗ ಯಾವುದಕ್ಕೆಂದು ಕೇಳಬೇಕೋ ತಿಳಿಯಲಿಲ್ಲ. ಗಂಡನ ಕೈಯಲ್ಲಿ ಮಗನದೆಂದು ಉಳಿದಿದ್ದದ್ದು ಅದೊಂದೇ, ಅದನ್ನೂ ತಾನೇ ಕಿತ್ತುಕೊಂಡಿದ್ದಳು.