ಸೇತುವೆಯ ಮೇಲೆ ಕೂಗುವ ಪೆಟ್ಟಿಗೆ

ಒಂದು ವರ್ಷದಿಂದ ಮಸ್ತಾನಸಾಬನ ಲೋಕದಿಂದ ಸಣ್ಣ ಸಪ್ಪಳಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು. ಮೊದಲು ಹೋದದ್ದು ಬೆಳಗಿನ ಗುಬ್ಬಿ. ಆಮೇಲೆ ಕುಕ್ಕರಿನ ಸೀಟಿ. ಅದಾದ ಮೇಲೆ ಹೆಂಡತಿ ಸರ್ವರಬೇಗಂಳ ಗಾಜಿನ ಬಳೆ. ಲಾರಿಯ ಗುಡುಗು, ಗಿರಣಿಯ ದಡದಡ, ಮಂದಿಯ ಮಾತು ಎಲ್ಲ ಇದ್ದಲ್ಲೇ ಇದ್ದವು. ಒಮ್ಮೊಮ್ಮೆ ಅವನಿಗೆ ಅದು ಹಿತವೆನಿಸುತ್ತಿತ್ತು. ಊರನ್ನು ಯಾರೋ ಹತ್ತಿಯಲ್ಲಿ ಸುತ್ತಿ ಇಟ್ಟಂತೆ, ತಾನು ಎಚ್ಚರವಿದ್ದೇ ನಿದ್ದೆ ಮಾಡುತ್ತಿರುವಂತೆ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಅವನ ಆಟೋ ಎಲೆಕ್ಟ್ರಿಕ್ ಅಂಗಡಿಗೆ ಯಾದಗಿರಿಯಿಂದ, ಸುರಪುರದಿಂದ ಗಾಡಿಗಳು ಬರುತ್ತಿದ್ದದ್ದೇ ಅವನ ಕಿವಿಯನ್ನು ನಂಬಿ. ಬಾನೆಟ್ ಎತ್ತುವ ಮೊದಲು ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುವುದು ಅವನ ಪದ್ಧತಿ. ನಿಂತು, ‘ಡೈನಮೋ ಬೇರಿಂಗ್ ಹೋಗ್ಯಾದ’ ಎಂದನೆಂದರೆ ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಇಂಥ ಹೆಸರು ಗಳಿಸಲು ಅವನಿಗೆ ಮೂವತ್ತು ವರ್ಷ ಹಿಡಿದಿತ್ತು. ಕಳೆಯಲು ಎದುರಿನ ಚಹಾದಂಗಡಿಯಲ್ಲಿ ಒಂದು ಸಂಜೆ ಸಾಕಿತ್ತು. ಹಾಗಾಗಿ ಈಗಲೂ ಕಣ್ಣು ಮುಚ್ಚುತ್ತಿದ್ದ, ತಲೆ ಆಡಿಸುತ್ತಿದ್ದ, ಆಮೇಲೆ ಕದ್ದುಮುಚ್ಚಿ ಕೈಯಿಂದ ಮುಟ್ಟಿ ನೋಡಿ ರೋಗ ಹೇಳುತ್ತಿದ್ದ.

ಇಂಥ ದಿನಗಳಲ್ಲೇ ದೇವಕಮ್ಮ ಟೀಚರ್ ಮೂರನೇ ಸಲ ಕಾರು ತಂದು ನಿಲ್ಲಿಸಿದರು. ಕಕ್ಕೇರಾದ ಶಾಲೆಗೆ ದಿನಾ ಹೋಗಿಬರಲು ಅವರು ಹೈದರಾಬಾದಿನಿಂದ ಹಳೇ ಕಾರೊಂದನ್ನು ಕೊಂಡಿದ್ದರು. ಹಿಂದಿನ ಯಜಮಾನನಿಗೆ ಜೋರಾಗಿ ಓಡಿಸುವ ಚಟವಿತ್ತೆಂದು ಕಾಣುತ್ತದೆ. ಮುಂದಿನ ಗಾಜಿನ ಹಿಂದೆ ಅಂಗೈಯಗಲದ ಕರಿ ಪೆಟ್ಟಿಗೆಯೊಂದನ್ನು ಕೂರಿಸಿ, ಅದರ ವೈರನ್ನು ಗಾಜಿನ ಪಕ್ಕದ ಕಂಬದ ಹೊದಿಕೆಯ ಒಳಗಿಂದ ಎಳೆದು ಫ್ಯೂಸ್ ಬಾಕ್ಸಿಗೇ ಜೋಡಿಸಿಬಿಟ್ಟಿದ್ದ. ರೇಡಾರ್ ಡಿಟೆಕ್ಟರ್. ವೇಗ ಅಳೆಯಲು ಪೊಲೀಸರ ಯಂತ್ರ ಕಣ್ಣಿಗೆ ಕಾಣದ ಅಲೆಯನ್ನು ಎಸೆಯುತ್ತದಲ್ಲ, ಅದನ್ನು ದೂರದಿಂದಲೇ ಹಿಡಿದು ಕೀಚ್ ಕೀಚ್ ಎಂದು ಒದರುವ ಪೆಟ್ಟಿಗೆ. ಕಾರು ಐವತ್ತು ದಾಟಿಸಲು ಅಂಜುವ ಟೀಚರ್‌ಗೆ ಇದರಿಂದ ಆಗಬೇಕಾದದ್ದು ಏನೂ ಇರಲಿಲ್ಲ.

“ಕಾಕಾ, ಒಂದ ಸೇತುವಿ ಮ್ಯಾಲ ಮುಂಜಾನಿ ಒಮ್ಮೆ, ಸಂಜಿಗೊಮ್ಮೆ ಒದರ್ತದ್ರಿ. ಅಲ್ಲಿ ಪೊಲೀಸ್ರು ಇಲ್ಲ, ಯಾರೂ ಇಲ್ಲ. ಒಳಗ ವೈರ್ ಸುಡಾಕತ್ತದೇನೋ ಅಂತ ಜೀವ ಹೊಡ್ಕೋತದ. ಕಿತ್ತು ಒಗೀರಿ ಅದನ್ನ.”

“ಕಿತ್ತರ ಪೆಟ್ಟಿಗಿ ಸುಮ್ಮಾಗ್ತದ, ವೈರಿಂಗ್ ಸುಡೋದಿದ್ರ ಅದು ಸುಮ್ಮಾಗ್ತದೇನ್ರಿ ಮೇಡಂ?” ಎಂದು ಮಸ್ತಾನಸಾಬ ಗತ್ತಿನಿಂದಲೇ ಹೇಳಿದ. ಆದರೆ ಒಳಗೊಳಗೇ ಬೆವರಿದ್ದ. ಮೊದಲ ಸಲ ಫ್ಯೂಸ್ ಬದಲಿಸಿದ್ದ. ಎರಡನೇ ಸಲ ಕರೆಂಟಿನ ವೈರು ಬದಲಿಸಿದ್ದ. ಈಗ ಉಳಿದದ್ದು ಕಾರಿನ ಮೈಗೆ ಬಿಗಿಯುವ ಅರ್ಥ್ ವೈರು ಒಂದೇ. ಹಳೇ ಬೋಲ್ಟಿನ ತುಕ್ಕು ಉಜ್ಜಿ, ಹೊಸ ತಂತಿ ಬಿಗಿದು, ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದ. ದೀಪ ಉರಿಯಿತು. “ನಡೀರಿ, ನಾನೂ ಬರ್ತೀನಿ” ಎಂದು ಪಕ್ಕದ ಸೀಟಿನಲ್ಲಿ ಕುಳಿತೇಬಿಟ್ಟ.

ಶ್ರಾವಣದ ಭಾನುವಾರ. ಕಾಲುವೆಗೆ ನೀರು ಬಿಟ್ಟಿದ್ದರು. ಸುರಪುರ ದಾಟಿ ಕಕ್ಕೇರಾ ಕಡೆ ಹೊರಳಿದ ಮೇಲೆ ಎರಡೂ ಬದಿಗೆ ನಾಟಿ ಮಾಡಿದ ಭತ್ತದ ಗದ್ದೆಗಳು, ಗದ್ದೆಯ ನೀರಿನಲ್ಲಿ ಮೋಡ, ಮೋಡದ ಮೇಲೆ ಕಾಲೂರಿ ನಿಂತ ಬೆಳ್ಳಕ್ಕಿ. ಅವನು ಚಿಕ್ಕವನಿದ್ದಾಗ ಇಲ್ಲಿ ಬರೀ ಜಾಲಿಗಿಡ, ಕುರಿಯ ಹಿಂಡು.

“ಬಂತ್ರಿ ಸೇತುವಿ” ಎಂದು ಟೀಚರ್ ಕಾರನ್ನು ನಿಧಾನಿಸಿ ನಿಲ್ಲಿಸಿದರು.

ಮಸ್ತಾನಸಾಬ ಕಣ್ಣು ಮುಚ್ಚಿದ. ಸೇತುವೆಯಡಿಯ ಕಾಲುವೆ ಗೇಟಿನ ಕೆಳಗೆ ನೀರು ನುಗ್ಗುವ ದೊಡ್ಡ ಸದ್ದು ಕೇಳಿತು. ಎಂಜಿನ್ನಿನ ಮೆಲುನಡುಕ ಬೆನ್ನಿಗೆ ತಾಕಿತು. ಅದರಾಚೆ ಏನೂ ಇರಲಿಲ್ಲ. ಬರೀ ತಂಪು, ಬರೀ ಶಾಂತಿ. ಅವನ ಎದೆ ಹಗುರಾಯಿತು.

“ನೋಡ್ರಿ ಮೇಡಂ” ಎಂದ, ಕಣ್ಣು ಮುಚ್ಚಿಕೊಂಡೇ. “ಅರ್ಥ್ ಸಡಲಿತ್ತು, ಅಷ್ಟ. ಈಗ ಹೆಂಗ ಸುಮ್ಮಾತು.”

ಟೀಚರ್ ಮೆಲ್ಲಗೆ, “ಹೌದ್ರಿ ಕಾಕಾ. ಸುಮ್ಮಾತು” ಎಂದರು.

ಅವನು ಕಣ್ಣು ತೆರೆದ. ಗಾಜಿನ ಹಿಂದೆ ಪೆಟ್ಟಿಗೆಯ ಮೂರೂ ಕೆಂಪು ದೀಪಗಳು ಒಂದರ ಹಿಂದೊಂದು ಓಡುತ್ತಿದ್ದವು. ಆ ದೀಪ ಓಡಿದರೆ ಕೂಗು ಇದ್ದೇ ಇರುತ್ತದೆ, ಅವನಿಗೆ ಅದು ಗೊತ್ತು. ಪೆಟ್ಟಿಗೆ ಕಾರು ತುಂಬ ಒದರುತ್ತಿತ್ತು, ತಾನು ಅದರ ಮುಂದೆಯೇ ಶಾಂತಿಯ ಮಾತಾಡಿದ್ದ. ಟೀಚರ್ ಸ್ಟೇರಿಂಗ್ ನೋಡುತ್ತ ಕುಳಿತಿದ್ದರು. ಹಿಂದಿನ ಸಾಲಿನಲ್ಲಿ ಪಾಠ ಕೇಳಿಸದೆಯೂ ತಲೆಯಾಡಿಸುವ ಮಕ್ಕಳನ್ನು ಅವರು ಎಷ್ಟು ನೋಡಿಲ್ಲ? ಮಸ್ತಾನಸಾಬನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಸುಮ್ಮನಿದ್ದರೆ ಆಗಿತ್ತು. ಟೀಚರ್ ಯಾರಿಗೂ ಹೇಳುವವರಲ್ಲ. ಚಹಾದಂಗಡಿಗೆ ಸುದ್ದಿ ಹೋಗುತ್ತಿರಲಿಲ್ಲ, ಹೆಸರು ಉಳಿಯುತ್ತಿತ್ತು. ಆದರೆ ನಾಳೆ ಮುಂಜಾನೆ ಈ ಹೆಣ್ಣುಮಗಳು ಇದೇ ಸೇತುವೆಯ ಮೇಲೆ, ಒಳಗೆ ವೈರು ಸುಡುತ್ತಿದೆಯೆಂದು ಜೀವ ಕೈಯಲ್ಲಿ ಹಿಡಿದು ದಾಟಬೇಕು. ನಾಡಿದ್ದೂ ಅಷ್ಟೇ.

“ಅದು ಒದರಾಕತ್ತದಲ್ರಿ?” ಎಂದ.

“ಒದರಾಕತ್ತದ್ರಿ.”

“ನನಗ ಕೇಳಸವಲ್ದು. ಒಂದ ವರ್ಷ ಆತು.”

ಹೇಳಿಯಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೆಳ್ಳಕ್ಕಿಯೊಂದು ಗದ್ದೆಯಿಂದ ಗದ್ದೆಗೆ ಹಾರಿತು.

“ಮನ್ಯಾಗ ಗೊತ್ತದೇನ್ರಿ?” ಎಂದು ಟೀಚರ್ ಕೇಳಿದರು. ಇಲ್ಲವೆಂದು ತಲೆಯಾಡಿಸಿದ. ಮತ್ತೆ ಅವರು ಏನೂ ಕೇಳಲಿಲ್ಲ, ಅದಕ್ಕೆ ಅವನು ಮನಸ್ಸಿನಲ್ಲೇ ಕೈಮುಗಿದ.

“ಈಗ ನಿಮ್ಮ ಕಿವಿ ನನಗ ಕೊಡ್ರಿ” ಎಂದ. “ಒದರಿದ್ರ ಬೆರಳು ಎತ್ರಿ, ಸುಮ್ಮಾದ್ರ ಇಳಸ್ರಿ.”

ಕಾರನ್ನು ನೂರು ಹೆಜ್ಜೆ ಹಿಂದೆ ತಂದರು. ಬೆರಳು ಇಳಿಯಿತು. ಮುಂದೆ ಹೋದರು. ಬೆರಳು ಎದ್ದಿತು. ಕಾರಿನಲ್ಲೇ ಉಳಿದಿದ್ದ ಟೀಚರ್ ಅವರ ತಿಂಡಿ ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಅವನು ಪೆಟ್ಟಿಗೆಯ ಮುಂದೆ ಅಡ್ಡ ಹಿಡಿದ. ದೀಪ ಆರಿತು, ಬೆರಳೂ ಇಳಿಯಿತು. ತೆಗೆದ. ಎದ್ದಿತು. ಕೆಟ್ಟ ವೈರಿನಿಂದ ಒದರುತ್ತಿದ್ದರೆ ಮುಚ್ಚಳ ಅಡ್ಡ ಹಿಡಿದ ಮಾತ್ರಕ್ಕೆ ಸುಮ್ಮನಾಗುತ್ತಿರಲಿಲ್ಲ. ಹೊರಗಿನಿಂದ ನಿಜವಾಗಿಯೇ ಏನೋ ಬರುತ್ತಿದೆ. ಮಸ್ತಾನಸಾಬ ಕೆಳಗಿಳಿದು ಸೇತುವೆಯ ಕಟ್ಟೆಗೆ ಬಾಗಿದ. ಕಬ್ಬಿಣದ ತೋಳೊಂದು ನೀರಿನ ಮೇಲೆ ಚಾಚಿತ್ತು. ಅದರ ತುದಿಗೆ ಬಿಳಿ ಡಬ್ಬಿ, ಮುಖ ಕೆಳಗೆ ಮಾಡಿ ಹರಿಯುವ ನೀರನ್ನೇ ನೋಡುತ್ತಿತ್ತು.

“ನೀರು ಎಷ್ಟದ ಅಂತ ಅಳೆಯೋ ಮಷೀನ್ ಅಂತ್ರಿ” ಎಂದರು ಟೀಚರ್. “ಈ ಸಲಾನೇ ಕೂಡಿಸ್ಯಾರ. ನೀರು ಮುಟ್ಟದನ ಅಳಿತದಂತ.”

ಮುಟ್ಟದೆ ಅಳೆಯಬೇಕೆಂದರೆ ಪೊಲೀಸರ ಯಂತ್ರದಂತೆಯೇ ಅಲೆ ಎಸೆಯಬೇಕು; ಪೆಟ್ಟಿಗೆ ಹಿಡಿದು ಒದರುತ್ತಿದ್ದದ್ದು ಅದನ್ನೇ. ಮಸ್ತಾನಸಾಬನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. “ಮೂರು ಸಲ ಸುಮ್ಮನ ಬಿಚ್ಚಿದೆ ಮೇಡಂ. ಪೆಟ್ಟಿಗಿ ಚಲೋ ಅದ. ವೈರೂ ಚಲೋ ಅದ. ಅಂಜಬ್ಯಾಡ್ರಿ.” ಅಲ್ಲೇ ಪೆಟ್ಟಿಗೆಯನ್ನು ಬಿಚ್ಚಿ, ವೈರಿನ ತುದಿಗೆ ಟೇಪು ಸುತ್ತಿ, ಪೆಟ್ಟಿಗೆಯನ್ನು ಟೀಚರ್ ಕೈಗೆ ಕೊಟ್ಟ.

ಅಂಗಡಿಗೆ ಮರಳಿದಾಗ ಕಕ್ಕೇರಾದ ಸಾಬಣ್ಣ ಟ್ರ್ಯಾಕ್ಟರ್ ಚಾಲೂ ಇಟ್ಟುಕೊಂಡೇ ಕಾಯುತ್ತಿದ್ದ. ಸುತ್ತ ಚಹಾ ಕುಡಿಯುವ ನಾಲ್ಕು ಮಂದಿಯೂ ಇದ್ದರು. “ಉಸ್ತಾದ್ರ, ಒಂದ ಸಣ್ಣ ಸಪ್ಪಳ ಬರಾಕತ್ತದ್ರಿ. ನೀವು ಕಣ್ಣು ಮುಚ್ಚಿ ನಿಂತ್ರ ಗೊತ್ತಾಗ್ತದ.”

ಮಸ್ತಾನಸಾಬ ಕಣ್ಣು ಮುಚ್ಚಲಿಲ್ಲ. “ಸಣ್ಣ ಸಪ್ಪಳ ನನಗ ಕೇಳಸಂಗಿಲ್ಲ ಸಾಬಣ್ಣ. ಕಿವಿ ಹೋಗ್ಯಾವ” ಎಂದ, ನಾಲ್ಕೂ ಮಂದಿಗೆ ಕೇಳುವಷ್ಟು ಗಟ್ಟಿಯಾಗಿ.

ಚಹಾದ ಲೋಟಗಳು ಹಿಡಿದಲ್ಲೇ ನಿಂತವು. ಸಾಬಣ್ಣ ಟ್ರ್ಯಾಕ್ಟರನ್ನೊಮ್ಮೆ, ಉಸ್ತಾದನನ್ನೊಮ್ಮೆ ನೋಡಿದ. ಆಮೇಲೆ ರುಮಾಲು ತುಸು ಹಿಂದೆ ಸರಿಸಿ, ಹತ್ತಿರ ಬಂದು, ಅವನ ಕಿವಿಯ ಪಕ್ಕ ತನ್ನ ದಪ್ಪ ದನಿಯಲ್ಲಿ, “ಕುಂಯ್ಯ್... ಕುಂಯ್ಯ್... ಹಿಂಗ ಅಂತದ್ರಿ” ಎಂದು ಕೂಗಿ ತೋರಿಸತೊಡಗಿದ.