ತುಳಜಾಬಾಯಿಯ ಕಣ್ಣು ಎಲ್ಲಿತ್ತು?

ಕೂಸು ಹುಟ್ಟಿದ ಮನೆಯಲ್ಲಿ ಕೇಳುವ ಮೊದಲ ಮಾತು ಯಾವುದು? ‘ಗಂಡೋ, ಹೆಣ್ಣೋ?’ ಎರಡನೆಯದು, ‘ಯಾರ ಹೋಲಿಕೆ?’ ಹೆತ್ತವಳು ಹೇಗಿದ್ದಾಳೆ ಎಂದು ಕೇಳುವ ಹೊತ್ತಿಗೆ ಬೆಲ್ಲ ಹಂಚಿ ಮುಗಿದಿರುತ್ತದೆ. ಚೌಡಾಪುರದಲ್ಲೂ ಹಾಗೇ ಇತ್ತು.

ಅಲ್ಲಿನ ಸೂಲಗಿತ್ತಿ ತುಳಜಾಬಾಯಿ. ಅರವತ್ತು ದಾಟಿದ ಜೀವ. ಓಣಿಯ ಅರ್ಧ ಮಂದಿ ಆಕೆಯ ಕೈಯಲ್ಲೇ ಭೂಮಿಗೆ ಬಂದವರು. ೧೯೯೩ನೇ ಇಸವಿ, ತೊಗರಿ ಹೂಬಿಟ್ಟ ಕಾಲ. ಒಂದು ಮಧ್ಯಾಹ್ನ ಊರಿನ ನರ್ಸ್ ಶಾರದಾಬಾಯಿ ಆಕೆಯನ್ನು ಅಂಗನವಾಡಿಗೆ ಕರೆಸಿದಳು. ನೆರೆಮನೆಯ ಹೀರಾಬಾಯಿ ಅಲ್ಲಿ ಚಾಪೆಯ ಮೇಲೆ ಬಸುರಿಯಂತೆ ಮಲಗಿದ್ದಳು, ಸುತ್ತ ಓಣಿಯ ಮೂವರು ಹೆಂಗಸರು ಕುಳಿತಿದ್ದರು. ಅವಳ ಸೆರಗಿನಡಿ ಒಂದು ಬಟ್ಟೆಯ ಗೊಂಬೆ.

ತುಳಜಾಬಾಯಿಗೆ ನಗು ತಡೆಯಲಿಲ್ಲ. “ಗೊಂಬಿ ಹಡಸಾಕ ನನ್ನ ಕರದೀರೇನ್ರಿ ಅಕ್ಕೋರ? ಈ ವಯಸ್ಸಿನಾಗ ಗೊಂಬಿ ಆಟ?”

“ಆಟಾನೇ ತಿಳೀರಿ ಆಯಿ. ಆಟದಾಗ ತಪ್ಪಿದ್ರ ಯಾರೂ ಸಾಯಂಗಿಲ್ಲ. ನೀವೇ ಮುಖ್ಯಸ್ಥರು, ಈ ಹೆಣ್ಮಕ್ಕಳು ನಿಮ್ಮ ಮಾತು ಕೇಳ್ತಾರ. ನಾ ಬರೇ ನಿಮ್ಮ ಕಣ್ಣು ನೋಡ್ತೇನಿ.”

ಶಾರದಾಬಾಯಿ ಮೂಲೆಯಲ್ಲಿ ನಾಲ್ಕು ಬಟ್ಟಲು ಇಟ್ಟುಕೊಂಡು ಕುಳಿತಳು. ಮಡಿಲಲ್ಲಿ ಹಿಡಿ ಹುಣಸೆಬೀಜ. ಹೆರಿಗೆ ಶುರುವಾಯಿತು. ಹೀರಾಬಾಯಿ ಸುಳ್ಳೇ ನರಳಿದಳು, ಗೊಂಬೆ ಹೊರಬಂತು. ತುಳಜಾಬಾಯಿ ರೂಢಿಯಂತೆ ಅದನ್ನು ಒರೆಸಿದಳು, ಸುತ್ತಿದಳು, ಎತ್ತಿ ಆಡಿಸಿದಳು. “ಯಾರಾರ ಬಿಸಿನೀರ ತರ್ರಿ” ಅಂದಳು. ಮೂವರು ಎದ್ದರು, ಅವಳು ಹೋಗುತ್ತಾಳೆಂದು ಇವಳು, ಇವಳು ಹೋಗುತ್ತಾಳೆಂದು ಅವಳು ನಿಂತೇಬಿಟ್ಟರು. ಮೂಲೆಯಲ್ಲಿ ಬೀಜಗಳು ಟಿಕ್ ಟಿಕ್ ಎಂದು ಬಟ್ಟಲಿಗೆ ಬೀಳುತ್ತಿದ್ದವು.

“ಸಾಕ್ರಿ ಆಯಿ. ಬಾಣಂತಿ ಕೆಳಗಿನ ಬಟ್ಟಿ ನೋಡ್ರಿ.”

ಬಟ್ಟೆ ಕೆಂಪಾಗಿ ತೊಯ್ದಿತ್ತು. ಹೀರಾಬಾಯಿ ತನ್ನ ಮಗ್ಗುಲಲ್ಲೇ ಇದ್ದ ಕುಂಕುಮದ ನೀರನ್ನು ಯಾವಾಗಲೋ ಚೆಲ್ಲಿಕೊಂಡಿದ್ದಳು. ತುಳಜಾಬಾಯಿ ಕಂಡೇ ಇರಲಿಲ್ಲ.

ನರ್ಸ್ ಬಟ್ಟಲುಗಳನ್ನು ಮುಂದೆ ತಂದಳು. “ನಿಮ್ಮ ಕಣ್ಣು ಒಂದ್ ಕಡಿ ಹೋದಾಗ ಒಂದ್ ಬೀಜ ಹಾಕೇನಿ. ಇದು ಕೂಸಿನ ಬಟ್ಟಲ.” ಅದರಲ್ಲಿ ಇಪ್ಪತ್ತಾರು ಬೀಜ. “ಇದು ಜೊತೆಯವರದು.” ಮೂರು. “ಇದು ಬಾಣಂತಿ ಮುಖ.” ಒಂದು. ರಕ್ತದ ಬಟ್ಟಲು ಬರಿದು.

ತುಳಜಾಬಾಯಿ ಎದ್ದು ನಡೆದಳು.

ಹೊಲದ ದಾರಿಯಲ್ಲಿ ತೊಗರಿಯ ಹಳದಿ ಹೂಗಳು ಗಾಳಿಗೆ ತೂಗುತ್ತಿದ್ದವು. ಬಿಸಿಲು ಜೇನಿನಂತೆ ಮಂದವಾಗಿ ಇಳಿಯುತ್ತಿತ್ತು. ನಡೆಯುತ್ತಿದ್ದಂತೆ ಆಕೆ ಎತ್ತಿಕೊಂಡ ಕೂಸುಗಳೆಲ್ಲ ಒಂದೊಂದಾಗಿ ಕಣ್ಣೆದುರು ತೇಲಿ ಬಂದವು. ಕಿವಿಯ ಮೇಲೆ ಮಚ್ಚೆ ಇದ್ದದ್ದು, ಮುಷ್ಟಿ ಬಿಚ್ಚದೆ ಬಂದದ್ದು, ಅಳುವ ಮೊದಲೇ ಸೀನಿದ್ದು. ಒಂದನ್ನೂ ಆಕೆ ಮರೆತಿರಲಿಲ್ಲ. ಆದರೆ ಅವರ ತಾಯಂದಿರು? ಆ ಹೊತ್ತಿನ ಅವರ ಮುಖ ನೆನೆದಳು. ಬರೀ ಮಂಜು.

ಮಂಜಿನೊಳಗಿಂದ ಒಂದೇ ಮುಖ ಮೂಡಿತು. ಗಂಗಾಬಾಯಿಯದು. ಹದಿನೆಂಟು ವರ್ಷದ ಹಿಂದೆ, ಕೂಸಿಗೆ ಎರೆದು ತಿರುಗುವಷ್ಟರಲ್ಲಿ ಆ ಹುಡುಗಿ ತಣ್ಣಗಾಗಿದ್ದಳು. ‘ಹಣೆಬರಹ’ ಎಂದಿದ್ದರು ಎಲ್ಲರೂ. ತುಳಜಾಬಾಯಿಯೂ ಹಾಗೇ ಎಂದಿದ್ದಳು. ಈಗ ಬದುವಿನ ಮೇಲೆ ಕುಸಿದು ಕುಳಿತು, ಬಹಳ ಹೊತ್ತು ಅತ್ತಳು.

ಮರುದಿನ ಆಕೆಯೇ ಅಂಗನವಾಡಿಯ ಬಾಗಿಲಲ್ಲಿದ್ದಳು. “ಇನ್ನೊಮ್ಮಿ ಆಡೂಣು ಅಕ್ಕೋರ.”

ಮಗ ಚಂದ್ರಾಮನಿಗೆ ಇದು ಹಿಡಿಸಲಿಲ್ಲ. “ಊರೆಲ್ಲ ನಗಲಿಕತ್ತಾದ ಅವ್ವ. ಕಣ್ಣು ಎಣಿಸಿದ್ರ ಜೀವ ಉಳೀತದೇನು?”

“ನಕ್ಕರ ನಗಲಿ. ನಾ ಕಲಿಯೋದ ಉಳದದ.”

ತಿಂಗಳಿಡೀ ಆಟ ನಡೆಯಿತು. ಕೂಸನ್ನು ಒರೆಸಿ, ಉಸಿರು ನೋಡಿ, ತಾಯಿಯ ಎದೆಗೆ ಹಚ್ಚುವುದು. ಆಮೇಲೆ ತಾಯಿಯ ಮುಖ, ಬಟ್ಟೆ, ಮತ್ತೆ ಮುಖ. ರಕ್ತ ನಿಲ್ಲದಿದ್ದರೆ ಗರ್ಭಕೋಶ ಗಟ್ಟಿಯಾಗುವವರೆಗೆ ಕಿಬ್ಬೊಟ್ಟೆ ತಿಕ್ಕುವುದು. ‘ಯಾರಾರ’ ಎನ್ನಬಾರದು, ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು, ಹೆಸರು ಹಿಡಿದು ಕೆಲಸ ಹೇಳಬೇಕು.

ಮೊಮ್ಮಗಳು ನಿಂಬೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮುಂಜಾನೆ ನೋವು ಶುರುವಾಯಿತು, ಹೀರಾಬಾಯಿಯೂ ಓಡಿಬಂದಳು. ಆಸ್ಪತ್ರೆಗೆ ಹೊರಡಬೇಕು ಎನ್ನುವಷ್ಟರಲ್ಲಿ ಹೆಣ್ಣುಕೂಸು ಬಂದೇಬಿಟ್ಟಿತು, ಜೋರಾಗಿ ಅತ್ತು ಸುಮ್ಮನಾಯಿತು. ಮಾಸೂ ಬಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮೆಲ್ಲಗೆ ತಿರುಗುತ್ತಿದ್ದವು. ಕೋಣೆಯೆಲ್ಲ ನೀರಿನಡಿ ಇದ್ದಂತೆ ನಿಶ್ಶಬ್ದ. ಮರಿಮಗಳ ಎಳೆಗಣ್ಣು ತೆರೆಯಿತು. ಆ ಕಣ್ಣೊಳಗೇ ಕರಗಿ ಹೋಗಬೇಕೆನಿಸಿತು ತುಳಜಾಬಾಯಿಗೆ.

ಆಕೆ ಬಲವಂತದಿಂದ ದೃಷ್ಟಿ ಕಿತ್ತಳು. ನಿಂಬೆವ್ವನ ತುಟಿ ಬಿಳಿಚಿತ್ತು. ಹಣೆಯಲ್ಲಿ ತಣ್ಣನೆ ಬೆವರು. ಬಟ್ಟೆ ಪೂರ್ತಿ ತೊಯ್ದು ರಕ್ತ ಚಾಪೆಗೆ ಹರಿಯುತ್ತಿತ್ತು.

“ಕಾಶಿಬಾಯಿ, ನನ್ನ ನೋಡು.” ಸೊಸೆ ನೋಡಿದಳು. “ಮಗಳ ಕಿಬ್ಬೊಟ್ಟಿ ಮ್ಯಾಲ ಕೈಯಿಟ್ಟು ಹಿಂಗ ತಿಕ್ಕು. ಗರ್ಭ ಗಟ್ಟಿ ಆಗೋತನ ಬಿಡಬ್ಯಾಡ. ಹೀರಾಬಾಯಿ, ಕೂಸಿನ್ನ ತಾಯಿ ಎದಿಗೆ ಹಚ್ಚಿ ಇಬ್ಬರಿಗೂ ಕೌದಿ ಹೊಚ್ಚು. ಚಂದ್ರಾಮ!” ಬಾಗಿಲಾಚೆ ಇದ್ದ ಮಗ ಇಣುಕಿದ. “ಮದಲ ಅಕ್ಕೋರಿಗೆ ಹೇಳು. ಹಂಗೇ ಲಾಲಸಾಬನ ಟೆಂಪೋ ತಗೊಂಡು ಬಾ.”

“ಸ್ವಲ್ಪ ನೋಡೂಣಲ್ಲ ಅವ್ವ—”

“ನಾ ನೋಡೀನಿ. ನೀ ಓಡು.”

ಅವನು ಓಡಿದ. ಶಾರದಾಬಾಯಿ ಬಂದು ಇಂಜೆಕ್ಷನ್ ಕೊಟ್ಟಳು. ಅಫಜಲಪುರದ ದಾರಿಯುದ್ದಕ್ಕೂ ಟೆಂಪೋದಲ್ಲಿ ಕಾಶಿಬಾಯಿ ಕೈ ತೆಗೆಯಲಿಲ್ಲ, ತುಳಜಾಬಾಯಿ ಮೊಮ್ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಚಂದ್ರಾಮನೇ ರಕ್ತ ಕೊಟ್ಟ. ಸಂಜೆಗೆ ಡಾಕ್ಟರು ಹೊರಬಂದು, “ಅರ್ಧ ತಾಸು ತಡಾ ಆಗಿದ್ರ ಕೈ ಮೀರ್ತಿತ್ತು” ಎಂದರು.

ಒಳಗೆ ನಿಂಬೆವ್ವ ಕಣ್ಣು ತೆರೆದು, “ಆಯಿ, ಹಸಿವಿ ಆಗ್ಯಾದ” ಅಂದಳು. ಚಂದ್ರಾಮ ಗೋಡೆಗೆ ಆತು ನಿಂತಿದ್ದ. ತಾಯಿಯ ಬಳಿ ಬಂದ. “ಅವ್ವ, ಮುಂದಿನ ಸಲ ಆಟಕ್ಕ ಗಂಡಸರನ್ನೂ ಕರೀರಿ. ನಮಗೂ ಗೊತ್ತಿರಲಿ.”

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಾಧ್ಯವಾದಷ್ಟೂ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ದಿನ ತುಂಬುವ ಮೊದಲೇ ಗಾಡಿ ಯಾರದು, ಜೊತೆಗೆ ಯಾರು, ರಕ್ತ ಕೊಡುವವರು ಯಾರು ಎಂದು ಮಾತಾಡಿಕೊಳ್ಳಿ. ನಿಮ್ಮೂರ ನರ್ಸನ್ನು ಕರೆದು, ಕಷ್ಟ ಬಂದಂತೆ ಒಮ್ಮೆ ಆಡಿ ನೋಡಿ. ನಗು ಬಂದರೆ ನಕ್ಕುಬಿಡಿ, ಆದರೆ ಆಡಿ. ಆ ಗಳಿಗೆಯಲ್ಲಿ ಒಬ್ಬರು ಮುಂದೆ ನಿಲ್ಲಲಿ. ಅವರ ಕಣ್ಣು ಎಲ್ಲರ ಮೇಲೂ ಇರಲಿ. ಕೂಸು ಬೆಚ್ಚಗೆ ಉಸಿರಾಡುತ್ತಿದೆಯೇ? ಸರಿ, ತಾಯಿಯ ಕಡೆ ತಿರುಗಿ. ಕೂಸಿನ ಮೂಗು ಯಾರದೆಂದು ನಾಳೆ ನೋಡಿದರಾಯಿತು. ತಾಯಿಯ ಮುಖವನ್ನು ಈಗಲೇ ನೋಡಬೇಕು.