ಅಳಿಯ ಸಿಕ್ಕಿಸಿದ ಪ್ಲಗ್ಗುಗಳು

ಅಳಿಯ ಕೊಟ್ಟ ಉಡುಗೊರೆಯನ್ನು ವಾಪಸ್ ಕೊಟ್ಟ ಅತ್ತೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅದು ನಾನೇ ಆಗಿರಬೇಕಿತ್ತು, ಧೈರ್ಯ ಸಾಲಲಿಲ್ಲ. ನನ್ನ ದೊಡ್ಡ ಅಳಿಯ, ಅಂದರೆ ಮಗಳು ಸೌಂದರ್ಯಳ ಗಂಡ ನಂಜುಂಡೇಶನಿಗೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಹಬ್ಬಕ್ಕೆ ಬಂದವನು ಬೆಟ್ಟದಪುರದ ನಮ್ಮ ಮನೆಯ ಗೋಡೆಗೋಡೆಗೂ ಬಿಳಿ ಪ್ಲಗ್ಗು ಸಿಕ್ಕಿಸಿ, ನೀರಿನ ಮೋಟಾರಿಗೆ ರಿಲೇ ಎಂಬ ಸ್ವಿಚ್ಚೊಂದನ್ನು ಕೂರಿಸಿ, "ಇನ್ಮೇಲೆ ಎಲ್ಲಾನೂ ಫೋನಲ್ಲೇ ಆನ್ ಮಾಡ್ಬೋದು ಕಣತ್ತೆ" ಎಂದ. ಯಾರ ಫೋನಿನಲ್ಲಿ ಎಂದು ನಾನು ಕೇಳಲಿಲ್ಲ. ಅವನ ಫೋನಿನಲ್ಲೂ!

ಮಾರನೆಯ ದಿನದಿಂದಲೇ ಶುರುವಾಯಿತು. "ಅತ್ತೆ, ಗೀಸರ್ ಆಗ್ಲಿಂದ ಓಡ್ತಾನೇ ಅದೆ, ಮಾವ ಬಚ್ಚಲಲ್ಲೇ ಮಲಗವ್ರಾ?" "ಅತ್ತೆ, ಮಧ್ಯಾಹ್ನ ಪೂರ್ತಿ ಟಿವಿ ಆನ್ ಇತ್ತಲ್ಲ, ಕಣ್ಣು ನೋಯಾಕಿಲ್ವಾ?" ಥೂ! ಕಟ್ಟಿಕೊಂಡ ಗಂಡ ಚಿಕ್ಕಬಸಪ್ಪನವರೇ ಇಷ್ಟು ವರ್ಷದಲ್ಲಿ ನನ್ನನ್ನು ಹೀಗೆ ಕೇಳಿದವರಲ್ಲ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಎರಡನೆಯ ಮಗಳು ಪುಟ್ಟಿಯ ಮದುವೆ ಆಗಬೇಕಿತ್ತಲ್ಲ! ಗಂಡಿನ ಕಡೆಯವರು ಬಂದಾಗ ದೊಡ್ಡ ಅಳಿಯ ಮುಂದೆ ಕೂತು ನಾಲ್ಕು ಮಾತು ಕೇಳುವುದು ನಮ್ಮಲ್ಲಿ ವಾಡಿಕೆ. ಈ ಪುಣ್ಯಾತ್ಮ ನಾಲ್ಕಕ್ಕೆ ನಿಲ್ಲಿಸುವವನಲ್ಲ. ಹುಣಸೂರಿನಿಂದ ಬಂದ ಹುಡುಗನನ್ನು, ಕಾಲು ಸರಿಯಿದೆಯೋ ಇಲ್ಲವೋ ನೋಡಬೇಕೆಂದು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದ. ಹುಡುಗ ನಡೆಯುತ್ತಾ ನಡೆಯುತ್ತಾ ಗೇಟು ದಾಟಿ ಹೋಗಿಯೇಬಿಟ್ಟ.

ಮುಂದಿನ ಸಲ ಅವನಿಗೆ ಹೇಳದೆಯೇ ಮುಗಿಸೋಣವೆಂದುಕೊಂಡೆವು. ಹೋಳಿಗೆಯ ಹೂರಣ ರುಬ್ಬಲು ಗ್ರೈಂಡರ್ ಹಾಕಿದ್ದೇ ತಡ, ಫೋನು ಬಂತು. "ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಗ್ರೈಂಡರ್ ಯಾಕತ್ತೆ ಓಡ್ತಾ ಅದೆ? ಯಾರ್ ಬತ್ತಾವ್ರೆ?" ಎಲೆ ಹಾಕುವ ಹೊತ್ತಿಗೆ ಅವನ ಬುಲೆಟ್ಟು ಬಾಗಿಲಲ್ಲಿತ್ತು. ಆ ಸಂಬಂಧವೂ ಮಣ್ಣುಪಾಲಾಯಿತು.

ಈಗ ಮಿರ್ಲೆಯಿಂದ ಯತೀಶ್ ಎಂಬ ಹುಡುಗನ ಕಡೆಯವರು ಬರುವವರಿದ್ದರು. ಹುಡುಗನ ಫೋಟೋ ನೋಡಿ ಪುಟ್ಟಿ ಮೊಟ್ಟಮೊದಲ ಸಲ ನಕ್ಕಿದ್ದಳು. ಇದೂ ಕೆಟ್ಟುಹೋದರೆ ಅವಳ ಮುಖ ಹೇಗೆ ನೋಡಲಿ ಎಂದು ನನಗೆ ಊಟವೇ ಸೇರುತ್ತಿರಲಿಲ್ಲ.

"ಅಳಬ್ಯಾಡ ಬುಡಮ್ಮ, ನಾನ್ ಸರಿ ಮಾಡ್ತೀನಿ" ಎಂದಳು ಪುಟ್ಟಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಅವರು ಬರುವ ಹಿಂದಿನ ರಾತ್ರಿ ಪ್ಲಗ್ಗುಗಳನ್ನೆಲ್ಲ ಕಿತ್ತು, ಅವುಗಳ ಒಳಗಿನ ಬುದ್ಧಿಯನ್ನೇ ಬದಲಾಯಿಸಿ ಮತ್ತೆ ಸಿಕ್ಕಿಸಿ, ಟಿವಿಯ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಇಟ್ಟಳು. "ಇಷ್ಟ್ ದಿನ ನೀನು ಗೀಸರ್ ಆನ್ ಮಾಡಿದ್ರೆ, ಆ ಮಾತು ಇಂಟರ್ನೆಟ್ಟಲ್ಲಿ ಯಾವ್ದೋ ದೇಶದ ಕಂಪನಿಗೋಗಿ, ಭಾವನ ಫೋನಿಗೂ ಸುದ್ದಿ ಮುಟ್ಸಿ, ಆಮೇಲೆ ನಮ್ ಬಚ್ಚಲಿಗೆ ಬತ್ತಿತ್ತು. ಈಗ ಈ ಪೆಟ್ಟಿಗೆಯಿಂದ ಪ್ಲಗ್ಗಿಗೆ, ಅಷ್ಟೇಯ. ಹೊಸ್ಲು ದಾಟಾಕಿಲ್ಲ. ನೆಟ್ ಹೋದ್ರೂ ನಡೀತದೆ."

ಅಡುಗೆಮನೆಯಿಂದ ಬಚ್ಚಲಿಗೆ ಸಮುದ್ರ ಸುತ್ತಿ ಹೋಗುತ್ತಿದ್ದೆವಲ್ಲ, ನಮ್ಮ ಬುದ್ಧಿಗಿಷ್ಟು!

ಅವರು ಬರುವ ದಿನ ಬೆಳಿಗ್ಗೆ ಗ್ರೈಂಡರ್ ಹಾಕಿದೆ. ಹೂರಣ ನುಣ್ಣಗಾಗುವವರೆಗೂ ಯಾರೂ ಏನೂ ಕೇಳಲಿಲ್ಲ. ಆಹಾ, ತವರಿಗೆ ಹೋದಷ್ಟು ಹಾಯೆನಿಸಿತು! ಆಮೇಲೆ ಅಳಿಯನ ಫೋನು ಬಂತು. ನನಗೆ ಸುಳ್ಳು ಹೇಳಲು ಬಾರದು, ಎತ್ತಲಿಲ್ಲ. ಮತ್ತೆ ಬಂತು, ಮತ್ತೂ ಬಂತು. ನಮ್ಮವರಿಗೂ ಎತ್ತಬೇಡಿ ಎಂದೆ. ಎದುರುಮನೆಯ ಸಣ್ಣಬೀರಯ್ಯನಿಂದಲೂ, ಯಾರು ಕೇಳಿದರೂ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡೆ.

ಮಿರ್ಲೆಯವರು ಬಂದರು. ಹುಡುಗ ಮೆತ್ತಗೆ ಮಾತಾಡಿದ, ಪುಟ್ಟಿ ಮೆತ್ತಗೆ ಉತ್ತರ ಕೊಟ್ಟಳು. ನಮ್ಮವರು ಬೀಗರ ಜೊತೆ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಆಗ ಬೀದಿಯಲ್ಲಿ ಬುಲೆಟ್ಟಿನ ಸದ್ದು ಕೇಳಿತು. ಅಯ್ಯೋ ಶಿವನೇ!

ನಂಜುಂಡೇಶ ಹೆಲ್ಮೆಟ್ಟು ಕೂಡ ತೆಗೆಯದೆ ಒಳಗೆ ಓಡಿ ಬಂದ. ಗೊಳೋ ಎಂದು ಅಳುತ್ತಿದ್ದ. ಕೈಯಲ್ಲಿ ಮಾರುದ್ದದ ಚೆಂಡುಹೂವಿನ ಹಾರ. ನಮ್ಮವರನ್ನು ನೋಡಿದವನೇ ಗರಬಡಿದವನಂತೆ ನಿಂತುಬಿಟ್ಟ.

"ಇದ್ಯಾರಿಗ್ರೀ ಹಾರ?" ಎಂದು ಕೇಳಿದರು ನಮ್ಮವರು, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ.

"ನಿಮ್ಗೇ ಮಾವ."

ಅಳಿಯ ಅಳುತ್ತಲೇ ಹೇಳಿದ. "ಬೆಳಿಗ್ಗೆಯಿಂದ ಫೋನಲ್ಲಿ ಗೀಸರ್ ಇಲ್ಲ, ಫ್ರಿಜ್ ಇಲ್ಲ, ಮೋಟರ್ ಇಲ್ಲ, ಮನೇನೇ ಇಲ್ಲ! ಫೋನ್ ಮಾಡುದ್ರೆ ಯಾರೂ ಎತ್ತಾಕಿಲ್ಲ. ಸಣ್ಣಬೀರಯ್ಯನ್ನ ಕೇಳುದ್ರೆ, 'ಮನೆ ಮುಂದೆ ಕಾರು ನಿಂತವೆ, ಜನ ಸೇರವ್ರೆ, ಮಿಕ್ಕಿದ್ದು ನನ್ ಬಾಯಲ್ಲಿ ಹೇಳುಸ್ಬ್ಯಾಡ ಕಣಪ್ಪ' ಅಂದ. ನಾನೇನ್ ಅನ್ಕಬೇಕು? ಸೌಂದರ್ಯಂಗೆ ಹೇಳಾಕೂ ಧೈರ್ಯ ಬರ್ನಿಲ್ಲ, ಒಬ್ನೇ ಬಂದ್ಬುಟ್ಟೆ."

ಕಣ್ಣು ಒರೆಸಿಕೊಳ್ಳುತ್ತಾ ನಮ್ಮವರ ಕಾಲಬುಡದಲ್ಲೇ ಕೂತುಬಿಟ್ಟ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇವನಿಗೆ ತಿಳಿಯಬಾರದೆಂದು ಎಷ್ಟೆಲ್ಲ ಮಾಡಿದೆ! ನಮಗಾಗಿ ಇಷ್ಟು ಅಳುವ ಗಂಡುಮಗ ಇವನೊಬ್ಬನೇ ಅಲ್ಲವೇ! ಆದರೂ ಮಿರ್ಲೆಯವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಹೆಣದ ಹಾರ ಬಂದ ಮನೆಯಿಂದ ಯಾರು ಹೆಣ್ಣು ತರುತ್ತಾರೆ?

ಹುಡುಗನ ತಾಯಿ ಎಲೆ ಬಿಟ್ಟು ಎದ್ದರು. ಮುಗಿಯಿತು, ಇದೂ ಹೋಯಿತು ಎಂದುಕೊಂಡೆ. ಪುಟ್ಟಿ ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದಳು. ಆಕೆ ನೆಟ್ಟಗೆ ಅವಳ ಹತ್ತಿರ ಹೋಗಿ ಕೇಳಿದರು.

"ಈ ಪ್ಲಗ್ಗುನ್ನ ಹೊರಗ್ನೋರಿಗೆ ಕಾಣ್ದಂಗೆ ಮಾಡ್ದೋರ್ ಯಾರವ್ವ?"

"ನಾನೇ" ಎಂದಳು ಪುಟ್ಟಿ, ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ.

ಆಕೆ ಅವಳ ಗದ್ದ ಹಿಡಿದು ಮುಖ ಎತ್ತಿದರು. "ಹಂಗಾರೆ ಬೇಗ ಬಂದ್ಬುಡವ್ವ ನಮ್ಮನೆಗೆ. ನನ್ನಳಿಯನೂ ಗೋಡೆ ತುಂಬ ಇವನ್ನೇ ಸಿಕ್ಕುಸವ್ನೆ. ಇಲ್ಲಿಗೆ ಬರೋದು ಗೊತ್ತಾಗ್ಬಾರ್ದು ಅಂತ ಖಾಲಿ ಮನೇಲಿ ಟಿವಿ ಹಾಕ್ಬುಟ್ಟು ಬಂದಿವ್ನಿ."